ಮೂರು ದಿನ ಅಂದರು, ನಲವತ್ತು ವರ್ಷವಾಯಿತು!

ಓದುಗ ಬಂಧುಗಳೇ, ಒಂದು ಮಾತು ಕೇಳುತ್ತೇನೆ. ನಾಳೆ ಮಧ್ಯಾಹ್ನ ನಿಮ್ಮ ಬೀದಿಗೆ ಸಾಲಾಗಿ ಬಸ್ಸುಗಳು ಬಂದು ನಿಲ್ಲುತ್ತವೆ. ಮೂರು ದಿನಕ್ಕಾಗುವಷ್ಟು ಬಟ್ಟೆಬರೆ, ಕಾಗದಪತ್ರ ತಗೊಂಡು ಹತ್ತಿ ಅನ್ನುತ್ತಾರೆ. ನೀವು ಏನೇನು ಬಿಟ್ಟು ಹೋಗುತ್ತೀರಿ? ಒಲೆ ಮೇಲಿನ ಪಾತ್ರೆ, ಗೋಡೆ ಮೇಲಿನ ಅಪ್ಪನ ಫೋಟೋ, ಬಾಗಿಲಲ್ಲಿ ಬಾಲ ಆಡಿಸುವ ನಾಯಿ. ಮೂರು ದಿನ ತಾನೇ, ಬಂದು ನೋಡಿಕೊಂಡರಾಯಿತು!

1986ರ ಏಪ್ರಿಲ್ 27ರಂದು ಪ್ರಿಪ್ಯಾತ್ ಎಂಬ ಊರಿನ ಜನ ಹೀಗೇ ಅಂದುಕೊಂಡು ಬಸ್ಸು ಹತ್ತಿದರು. ಅಂದು ಸೋವಿಯತ್ ಒಕ್ಕೂಟ, ಇಂದು ಉಕ್ರೇನ್. ಹಿಂದಿನ ದಿನ ಬೆಳಗಿನ ಜಾವ 1 ಗಂಟೆ 23 ನಿಮಿಷಕ್ಕೆ ಪಕ್ಕದ ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೇ ರಿಯಾಕ್ಟರ್ ಸಿಡಿದಿತ್ತು. ಆ ಊರಿನ ಮಕ್ಕಳು ಮಾರನೇ ದಿನವೂ ಬೀದಿಯಲ್ಲಿ ಆಡಿಕೊಂಡಿದ್ದರು. ಮೂವತ್ತಾರು ಗಂಟೆ ಕಳೆದ ಮೇಲೆ ಬಸ್ಸು ಬಂತು. ಸುಮಾರು 49,000 ಜನರ ಊರು ಕೆಲವೇ ಗಂಟೆಗಳಲ್ಲಿ ಖಾಲಿ. ಬಿಟ್ಟುಹೋದ ನಾಯಿಗಳನ್ನು ಆಮೇಲೆ ಗುಂಡಿಟ್ಟು ಕೊಂದರು. ಆ ಮೂರು ದಿನ ಇವತ್ತಿಗೂ ಮುಗಿದಿಲ್ಲ!

ಐದು ವಾಕ್ಯದ ಸುದ್ದಿ

ನಾನು ಪಿಯುಸಿಗೇ ಪುಸ್ತಕ ಮುಚ್ಚಿದವನು. ಅಣುವಿನ ಲೆಕ್ಕ ನನಗೆ ಬಾರದು. ಆದರೆ ಅಪ್ಪನ ಟ್ರೆಡಲ್ ಮಿಷನ್ ಪಕ್ಕ ನಿಂತು ಮೊಳೆ ಜೋಡಿಸಲು ಕಲಿತವನು. ಅಕ್ಷರದ ಲೆಕ್ಕ ಚೆನ್ನಾಗಿ ಬರುತ್ತದೆ. ಹೇಳುತ್ತೇನೆ ಕೇಳಿ.

ಏಪ್ರಿಲ್ 28ರ ಬೆಳಿಗ್ಗೆ ಸಾವಿರ ಕಿಲೋಮೀಟರ್ ಆಚೆ, ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ಕೆಲಸಗಾರನೊಬ್ಬನ ಬೂಟಿಗೆ ಅಂಟಿದ ವಿಕಿರಣ ಕಂಡು ಗಂಟೆ ಹೊಡೆದುಕೊಂಡಿತು. ಕಳ್ಳತನ ಬಯಲಾಯಿತು. ಅಂದು ರಾತ್ರಿ ಮಾಸ್ಕೋ ಟಿವಿ ಬಾಯಿ ಬಿಟ್ಟಿತು. ಎಷ್ಟು? ಐದೇ ವಾಕ್ಯ! ಅಪಘಾತವಾಗಿದೆ, ರಿಯಾಕ್ಟರಿಗೆ ಹಾನಿಯಾಗಿದೆ, ಕ್ರಮ ಕೈಗೊಳ್ಳಲಾಗಿದೆ, ನೆರವು ಕೊಡಲಾಗುತ್ತಿದೆ, ಸಮಿತಿ ರಚಿಸಲಾಗಿದೆ. ನನ್ನ ಪ್ರೆಸ್ಸಿನಲ್ಲಿ ನಾಮಕರಣದ ಕಾರ್ಡಿಗೂ ಇದಕ್ಕಿಂತ ಹೆಚ್ಚು ಅಕ್ಷರ ಬೇಕು. ಕಿಟಕಿ ಮುಚ್ಚಿ ಎಂದಿಲ್ಲ, ಮಕ್ಕಳಿಗೆ ಹಾಲು ಕೊಡಬೇಡಿ ಎಂದಿಲ್ಲ. ಮೇ 1ರಂದು ಕೀವ್ ನಗರದಲ್ಲಿ ಮಕ್ಕಳನ್ನೂ ಸೇರಿಸಿ ಮೆರವಣಿಗೆ ಮಾಡಿದರು. ಗೋರ್ಬಚೇವ್ ಮಹಾಶಯರು ಟಿವಿಯಲ್ಲಿ ಮುಖ ತೋರಿಸಿದ್ದು ಮೇ 14ಕ್ಕೆ. ಯಾವ ಹಳ್ಳಿಯ ಮಣ್ಣು ಎಷ್ಟು ಕೆಟ್ಟಿದೆ ಎಂಬ ನಕ್ಷೆ ಪತ್ರಿಕೆಯಲ್ಲಿ ಅಚ್ಚಾಗಲು 1989 ಬರಬೇಕಾಯಿತು. ಮೂರು ವರ್ಷ ಆ ಜನ ಅದೇ ಮಣ್ಣಲ್ಲಿ ಆಲೂಗಡ್ಡೆ ಬೆಳೆದು ತಿಂದರು.

ಹಾಲು ಕುಡಿದ ಮಕ್ಕಳ ತಪ್ಪೇನು?

ಸಿಡಿದ ರಿಯಾಕ್ಟರಿನಿಂದ ಹಾರಿದ ವಿಷಗಳಲ್ಲಿ ಅಯೋಡಿನ್-131 ಒಂದು. ಅದರ ಆಯಸ್ಸು ಕಡಿಮೆ, ಎಂಟು ದಿನಕ್ಕೆ ಅರ್ಧವಾಗುತ್ತದೆ. ಆದರೆ ಹುಲ್ಲಿನ ಮೇಲೆ ಬೀಳುತ್ತದೆ, ಹುಲ್ಲಿನಿಂದ ಹಸು, ಹಸುವಿನಿಂದ ಹಾಲು, ಹಾಲಿನಿಂದ ಮಗುವಿನ ಕತ್ತಿನ ಥೈರಾಯ್ಡ್ ಗ್ರಂಥಿ. ತಡೆಯಲು ಏನು ಬೇಕಿತ್ತು? ಕೆಲವು ವಾರ ಹಾಲು ನಿಲ್ಲಿಸುವುದು, ಸಕಾಲಕ್ಕೆ ಒಂದು ಅಯೋಡಿನ್ ಔಷಧಿ. ಪಕ್ಕದ ಪೋಲೆಂಡ್ ಸುದ್ದಿ ತಿಳಿದ ಕೂಡಲೇ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಅದನ್ನು ಕುಡಿಸಿತು. ಆದರೆ ಬೆಲಾರೂಸ್, ಉಕ್ರೇನಿನ ಎಷ್ಟೋ ಹಳ್ಳಿಗಳಿಗೆ ಮಾತ್ರೆಯೂ ತಲುಪಲಿಲ್ಲ, ಮಾತೂ ತಲುಪಲಿಲ್ಲ. ಅಂದು ಮಕ್ಕಳಾಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಲೆಕ್ಕಕ್ಕೆ ಸಿಕ್ಕವು. ಬಹುಪಾಲು ಮಂದಿ ಬದುಕಿದರು, ನಿಜ. ಕತ್ತಿನ ಮೇಲೆ ಗಾಯದ ಗೆರೆ, ದಿನವೂ ಗುಳಿಗೆ! ಇದನ್ನು ಅಪಘಾತ ಅನ್ನಬೇಕೋ, ಮುಚ್ಚಿಟ್ಟ ಪಾಪ ಅನ್ನಬೇಕೋ ನೀವೇ ಹೇಳಿ.

ಬ್ರೇಕ್ ಒತ್ತಿದರೆ ಓಡುವ ಬಸ್ಸು

ಇನ್ನೊಂದು ಕೇಳಿ. ರಿಯಾಕ್ಟರನ್ನು ನಿಲ್ಲಿಸಲು ನಿಯಂತ್ರಣ ಸರಳುಗಳಿರುತ್ತವೆ. ಬಸ್ಸಿಗೆ ಬ್ರೇಕ್ ಇದ್ದಂತೆ. ಚೆರ್ನೋಬಿಲ್‌ನಲ್ಲಿ ಆ ಸರಳುಗಳ ತುದಿಗೆ ಗ್ರಾಫೈಟ್ ಜೋಡಿಸಿದ್ದರು. ಕೆಲವು ಸ್ಥಿತಿಯಲ್ಲಿ ಸರಳು ಇಳಿಸಿದರೆ ಮೊದಲ ಕ್ಷಣಗಳಲ್ಲಿ ಶಕ್ತಿ ಇಳಿಯುವ ಬದಲು ಏರುತ್ತಿತ್ತು! ಈ ದೋಷ 1983ರಲ್ಲೇ ಲಿಥುವೇನಿಯಾದ ಇಗ್ನಲಿನಾ ಸ್ಥಾವರದಲ್ಲಿ ಕಂಡಿತ್ತು. ದೊಡ್ಡವರಿಗೆ ಗೊತ್ತಿತ್ತು. ಆ ರಾತ್ರಿ ಗುಂಡಿ ಒತ್ತಿದವರಿಗೆ ಅದರ ಅಪಾಯವನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಜೈಲಿಗೆ ಹೋದವರು ಮಾತ್ರ ಸ್ಥಾವರದವರು.

ಆಮೇಲೆ ಸುಮಾರು ಆರು ಲಕ್ಷ ಜನರನ್ನು ಶುಚಿ ಮಾಡುವ ಕೆಲಸಕ್ಕೆ ತಂದರು. ಛಾವಣಿ ಮೇಲೆ ಬಿದ್ದ ವಿಷದ ತುಂಡು ತೆಗೆಯಲು ಹೋದ ಯಂತ್ರಗಳು ಕೆಟ್ಟು ನಿಂತವು. ಆಗ ಸೈನಿಕರ ಕೈಗೆ ಸಲಿಕೆ ಕೊಟ್ಟರು. ಒಬ್ಬೊಬ್ಬನಿಗೆ ಒಂದೆರಡು ನಿಮಿಷ, ಓಡು, ಎತ್ತು, ಎಸೆ, ಓಡಿ ಬಾ! ಯಂತ್ರ ಸೋತಲ್ಲಿ ಬಡವರ ಮಗ.

ಸತ್ತವರೆಷ್ಟು? ಅಧಿಕೃತ ಲೆಕ್ಕದಲ್ಲಿ ಮೊದಲ ಕೆಲವು ಗಂಟೆಗಳಲ್ಲಿ ಇಬ್ಬರು, ವಿಕಿರಣ ಕಾಯಿಲೆ ಖಚಿತವಾದ 134 ಜನರಲ್ಲಿ ಆ ವರ್ಷವೇ 28 ಮಂದಿ. ಮುಂದೆ ಕ್ಯಾನ್ಸರಿನಿಂದ ಸಾಯಬಹುದಾದವರು 4,000 ಎಂದು ವಿಶ್ವಸಂಸ್ಥೆಯ ಕಡೆಯ ತಜ್ಞರು 2005ರಲ್ಲಿ ಅಂದಾಜಿಸಿದರು. ಸುಮಾರು 93,000 ಎಂದು ಗ್ರೀನ್‌ಪೀಸ್ 2006ರಲ್ಲಿ ಹೇಳಿತು. ನಾನು ಯಾರ ಲೆಕ್ಕಕ್ಕೂ ಜಾಮೀನು ನಿಲ್ಲುವುದಿಲ್ಲ. ಜನರಿಗೆ ವಿಕಿರಣಕ್ಕಿಂತ ಭಯವೇ ಹೆಚ್ಚು ಹಾನಿ ಮಾಡಿತು ಎನ್ನುವ ಪಂಡಿತರೂ ಇದ್ದಾರೆ. ಇರಬಹುದು ಸ್ವಾಮಿ! ಆ ಭಯ ಬಿತ್ತಿದವರು ಯಾರು? ಮೊದಲ ದಿನವೇ ನಿಜ ಹೇಳಿದ್ದರೆ ಜನ ಆಮೇಲಿನ ಮಾತನ್ನಾದರೂ ನಂಬುತ್ತಿದ್ದರು.

ಮಣ್ಣಿಗೆ ಮರೆವಿಲ್ಲ

ಸೀಸಿಯಂ-137 ಅರ್ಧವಾಗಲು ಮೂವತ್ತು ವರ್ಷ ಬೇಕು. ಪ್ಲುಟೋನಿಯಂ-239ಕ್ಕೆ 24,000 ವರ್ಷ! ಬೆಲಾರೂಸಿನ ನೆಲದಲ್ಲಿ ಐದರಲ್ಲೊಂದು ಪಾಲಿಗೆ ಈ ಮೈಲಿಗೆ ತಗುಲಿತು. ದೂರದ ಬ್ರಿಟನ್ನಿನ ವೇಲ್ಸ್ ಬೆಟ್ಟದ ಕುರಿಗಳ ಮೇಲಿನ ನಿರ್ಬಂಧ ತೆಗೆದದ್ದು 2012ರಲ್ಲಿ. ಊರು ಬಿಟ್ಟವರು ಎಲ್ಲ ಸೇರಿ ಮೂರೂವರೆ ಲಕ್ಷದ ಹತ್ತಿರ. ಕೆಲವು ಮುದುಕಿಯರು ಮಾತ್ರ ಕಾವಲು ತಪ್ಪಿಸಿ ತಮ್ಮ ಗುಡಿಸಲಿಗೆ ವಾಪಸು ನಡೆದು ಬಂದು ಅಲ್ಲೇ ಬಾಳಿದರು.

ಒಡೆದ ರಿಯಾಕ್ಟರಿಗೆ 1986ರಲ್ಲೇ ಕಾಂಕ್ರೀಟು, ಉಕ್ಕಿನ ಗೋರಿ ಕಟ್ಟಿದರು. ಅದು ಶಿಥಿಲವಾಯಿತು. 2016ರಲ್ಲಿ ನೂರು ವರ್ಷ ಬಾಳಲೆಂದು ಮೇಲೊಂದು ಉಕ್ಕಿನ ಕಮಾನು ಹೊದಿಸಿದರು. 2022ರಲ್ಲಿ ರಷ್ಯಾದ ಸೇನೆ ಅಲ್ಲಿಗೇ ನುಗ್ಗಿತು, ವಿಷದ ಮಣ್ಣಲ್ಲಿ ಕಂದಕ ತೋಡಿತು. 2025ರ ಫೆಬ್ರವರಿ 14ರಂದು ಆ ಕಮಾನಿಗೆ ಡ್ರೋನ್ ಬಡಿದು ತೂತಾಯಿತು. ನೂರು ವರ್ಷದ ಭರವಸೆ ಒಂಬತ್ತು ವರ್ಷವೂ ಬಾಳಲಿಲ್ಲ!

ಕೈಗಾ ಎಷ್ಟು ದೂರ?

ನಮಗೇಕೆ ಈ ಉಸಾಬರಿ ಎನ್ನುವಿರಾ? ನಮ್ಮ ಕಾಳಿ ನದಿಯ ದಂಡೆಯಲ್ಲಿ ಕೈಗಾ ಇದೆ. 2000ದಿಂದ 2011ರವರೆಗೆ ನಾಲ್ಕು ಘಟಕ ಶುರುವಾದವು. ಬೇಡ ಎಂದು ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಹೋರಾಡಿದರು, 1989ರಲ್ಲಿ ಲೋಕಸಭೆಗೂ ನಿಂತರು. 1994ರಲ್ಲಿ ಕಟ್ಟುತ್ತಿದ್ದಾಗಲೇ ಅದರ ಗುಮ್ಮಟದ ಒಳಭಾಗ ಕುಸಿದು ಬಿತ್ತು. ಕೈಗಾದ್ದು ಚೆರ್ನೋಬಿಲ್ ಮಾದರಿಯಲ್ಲ, ಭಾರಜಲದ ರಿಯಾಕ್ಟರ್, ಸುತ್ತ ಭದ್ರ ಗೋಡೆಯಿದೆ. ಒಪ್ಪಿದೆ. ಸುಮ್ಮನೆ ಹೆದರಿಸುವುದು ನನ್ನ ಕಸುಬಲ್ಲ.

ನಾನು ಕೇಳುವುದು ಒಂದೇ ಹಾಳೆ. ಸೈರನ್ ಆದರೆ ಏನು ಮಾಡಬೇಕು, ಮಾತ್ರೆ ಎಲ್ಲಿ ಸಿಗುತ್ತದೆ, ಹಾಲು ಕುಡಿಯಬಹುದೇ, ಬಸ್ಸು ಎಲ್ಲಿ ನಿಲ್ಲುತ್ತದೆ? ಅಜ್ಜಿಗೂ ಅರ್ಥವಾಗುವ ಕನ್ನಡದಲ್ಲಿ, ಕೊಂಕಣಿ ಆಡುವವರಿಗೆ ಕೊಂಕಣಿಯಲ್ಲಿ, ಆ ಸುತ್ತಿನ ಪ್ರತಿ ಮನೆಯ ಗೋಡೆ ಮೇಲೆ ಅದು ಇರಬೇಕು. ಅಲ್ಲಿ ನೆಂಟರಿರುವ ಓದುಗರೇ, ಇದೆಯೇ ಎಂದು ಇಂದೇ ವಿಚಾರಿಸಿ. ಇದ್ದರೆ ಸಂತೋಷ. ಇಲ್ಲವೇ, ಅಧಿಕಾರಿಗಳು ಬರೆದು ಸಹಿ ಹಾಕಿ ಕೊಡಲಿ. ಅಚ್ಚು ನನ್ನದು, ಕಾಗದ ನನ್ನದು, ಒಂದು ಪೈಸೆ ಬೇಡ.

ಅಂದು ಸಕಾಲಕ್ಕೆ ಅಚ್ಚಾಗದ ಒಂದು ಕರಪತ್ರದ ಬೆಲೆಯನ್ನು ಸಾವಿರಾರು ಮಕ್ಕಳ ಕತ್ತು ತೆತ್ತಿತು. ನಮ್ಮ ಮಕ್ಕಳ ಪಾಲಿಗೆ ಆ ಕರಪತ್ರ ಮೊದಲೇ ಅಚ್ಚಾಗಿರಲಿ!