ಡಬ್ಲ್ಯೂಡಬ್ಲ್ಯೂಇ ಕುಸ್ತಿ ಬರೀ ನಾಟಕವೇ? ಗೆಲ್ಲುವವರು ಮೊದಲೇ ಗೊತ್ತು, ಆದರೆ ಪೆಟ್ಟು ಸುಳ್ಳಲ್ಲ

"ಅಂಡರ್‌ಟೇಕರ್ ಏಳು ಸಲ ಸತ್ತು ಬದುಕಿ ಬಂದವನು", "ಕೇನ್ ಅವನ ಸ್ವಂತ ತಮ್ಮ". ಟ್ರಂಪ್ ಕಾರ್ಡ್ ಆಡಿ ಬೆಳೆದವರಿಗೆ ಈ ಮಾತುಗಳು ಹೊಸದೇನಲ್ಲ. ಅಂದು ಶಾಲೆಯ ಕೊನೆ ಬೆಂಚಿನಲ್ಲಿ ಹರಿದಾಡುತ್ತಿದ್ದ ಕತೆಗಳು ಇಂದು ವಾಟ್ಸಾಪ್‌ನಲ್ಲಿ ಹರಿದಾಡುತ್ತಿವೆ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಮಾತೂ ಇದೆ: "ಅದೆಲ್ಲ ಬರೀ ನಾಟಕ, ಅಲ್ಲಿ ಯಾರಿಗೂ ಪೆಟ್ಟಾಗೋದೇ ಇಲ್ಲ." ಎರಡೂ ತಪ್ಪು. ಎರಡನೆಯದು ಹೆಚ್ಚು ಅಪಾಯಕಾರಿ. ಅದನ್ನು ನಂಬಿದ ಮಕ್ಕಳು ಅದೇ ಪಟ್ಟುಗಳನ್ನು ಮನೆಯ ಮಂಚದ ಮೇಲೆ ಹಾಕಿ ನೋಡುತ್ತಾರೆ.

ಒಂದು ಸೀಮೆಯ ಕಂಪನಿ ಜಗತ್ತಿಗೆಲ್ಲ ಹಬ್ಬಿದ್ದು ಹೇಗೆ?

ಅಮೆರಿಕದಲ್ಲಿ ಹಿಂದೆ ಕುಸ್ತಿ ಪ್ರದರ್ಶನ ನಡೆಸುವವರು ಊರುಗಳನ್ನು ಹಂಚಿಕೊಂಡಿದ್ದರು. ಒಬ್ಬರ ಸೀಮೆಗೆ ಇನ್ನೊಬ್ಬರು ಕಾಲಿಡಬಾರದು ಎಂಬುದು ಅಲಿಖಿತ ನಿಯಮ. ಇಂದಿನ ಡಬ್ಲ್ಯೂಡಬ್ಲ್ಯೂಇ ಕೂಡ ಈಶಾನ್ಯ ಅಮೆರಿಕದ ಅಂಥದೇ ಒಂದು ಕಂಪನಿಯಾಗಿತ್ತು. 1982ರಲ್ಲಿ ವಿನ್ಸ್ ಮೆಕ್‌ಮಹನ್ ಅದನ್ನು ತಂದೆಯಿಂದ ಕೊಂಡುಕೊಂಡ ಮೇಲೆ ಆ ನಿಯಮ ಮುರಿದುಬಿತ್ತು. ಆಗಷ್ಟೇ ಹರಡುತ್ತಿದ್ದ ಕೇಬಲ್ ಟಿವಿಯ ಮೂಲಕ ಆತ ಎಲ್ಲರ ಸೀಮೆಗೂ ನುಗ್ಗಿದರು. ಹಲ್ಕ್ ಹೋಗನ್‌ರಂಥ ತಾರೆಗಳನ್ನು ಬೇರೆ ಕಂಪನಿಗಳಿಂದ ಸೆಳೆದುಕೊಂಡರು. 1985ರ ಮಾರ್ಚ್ 31ರಂದು ನ್ಯೂಯಾರ್ಕ್‌ನಲ್ಲಿ ಮೊದಲ ರೆಸಲ್‌ಮೇನಿಯಾ ನಡೆಸಿ, ಸಿನಿಮಾ ಮತ್ತು ಸಂಗೀತದ ತಾರೆಗಳನ್ನೂ ಅಖಾಡಕ್ಕೆ ಕರೆತಂದರು.

ಮುಂದೆ ಟೆಡ್ ಟರ್ನರ್ ಅವರ ಡಬ್ಲ್ಯೂಸಿಡಬ್ಲ್ಯೂ ಪೈಪೋಟಿಗೆ ಇಳಿಯಿತು. ಸೋಮವಾರ ರಾತ್ರಿಯ ಟಿವಿ ರೇಟಿಂಗ್‌ನಲ್ಲಿ ಅದು ಸತತ 83 ವಾರ ಮುಂದಿತ್ತು. ಆದರೆ 2001ರಲ್ಲಿ ಮೆಕ್‌ಮಹನ್ ಕಂಪನಿ ಆ ಎದುರಾಳಿಯನ್ನೇ ಖರೀದಿಸಿತು. ನಾವು ಬಾಲ್ಯದಲ್ಲಿ ಕರೆಯುತ್ತಿದ್ದ 'ಡಬ್ಲ್ಯೂಡಬ್ಲ್ಯೂಎಫ್' ಎಂಬ ಹೆಸರು ಹೋದದ್ದು 2002ರಲ್ಲಿ. ಪಾಂಡಾ ಚಿಹ್ನೆಯ ವನ್ಯಜೀವಿ ಸಂಸ್ಥೆಯದೂ ಅದೇ ಹೆಸರಾಗಿದ್ದರಿಂದ ವಿಷಯ ಕೋರ್ಟಿಗೆ ಹೋಗಿ, ಕುಸ್ತಿ ಕಂಪನಿ ಸೋತಿತು.

'ಇದು ಸ್ಪರ್ಧೆಯಲ್ಲ' ಎಂದು ಹೇಳಿದ್ದು ಯಾರು?

ಕಂಪನಿಯೇ! ದಶಕಗಳ ಕಾಲ ಕುಸ್ತಿಪಟುಗಳು ಈ ಗುಟ್ಟನ್ನು ಪ್ರಾಣದಂತೆ ಕಾಪಾಡಿದ್ದರು. ಅಖಾಡದಲ್ಲಿ ವೈರಿಗಳಾದವರು ಹೊರಗೆ ಒಟ್ಟಿಗೆ ಊಟಕ್ಕೂ ಕೂರುತ್ತಿರಲಿಲ್ಲ. ಆದರೆ 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ, ಇದು ನಿಜವಾದ ಸ್ಪರ್ಧೆಯಲ್ಲ, ಮನರಂಜನೆ ಎಂದು ಕಂಪನಿಯ ಕಡೆಯವರೇ ಒಪ್ಪಿಕೊಂಡರು. ಕಾರಣ ಸರಳ. ಕ್ರೀಡೆ ಎಂದರೆ ಕ್ರೀಡಾ ಆಯೋಗದ ಲೈಸೆನ್ಸ್, ವೈದ್ಯರ ತಪಾಸಣೆ, ತೆರಿಗೆ ಎಲ್ಲವೂ ಬರುತ್ತವೆ. ಮನರಂಜನೆ ಎಂದರೆ ಅವುಗಳಿಂದ ಬಿಡುಗಡೆ. ಗುಟ್ಟು ಹೊರಬಿದ್ದರೂ ಜನ ನೋಡುವುದನ್ನು ಬಿಡಲಿಲ್ಲ. ಯಕ್ಷಗಾನದಲ್ಲಿ ಕೀಚಕ ಸಾಯುತ್ತಾನೆಂದು ಗೊತ್ತಿದ್ದೂ ಬೆಳಗಿನವರೆಗೆ ಕೂತು ನೋಡುವುದಿಲ್ಲವೇ, ಹಾಗೆ.

ಹಾಗಾದರೆ ಪೆಟ್ಟು?

ಯಾರು ಗೆಲ್ಲಬೇಕು ಎಂಬುದು ಮೊದಲೇ ನಿರ್ಧಾರವಾಗಿರುತ್ತದೆ. ಗುದ್ದುವಾಗ ಕಾಲನ್ನು ನೆಲಕ್ಕೆ ಅಪ್ಪಳಿಸಿ ಸದ್ದು ಮಾಡುತ್ತಾರೆ. ಮೇಲೆತ್ತುವಾಗ ಎದುರಾಳಿಯೇ ಜಿಗಿದು ಸಹಕರಿಸುತ್ತಾನೆ. ಬೀಳುವಾಗ ಗಲ್ಲವನ್ನು ಎದೆಗೆ ಒತ್ತಿ, ಭಾರ ಇಡೀ ಬೆನ್ನಿಗೆ ಹಂಚಿಹೋಗುವಂತೆ ಬೀಳುವುದನ್ನು ತಿಂಗಳುಗಟ್ಟಲೆ ಕಲಿತಿರುತ್ತಾರೆ. ಆದರೆ ಅಖಾಡವೇನೂ ಹತ್ತಿಯ ಹಾಸಿಗೆಯಲ್ಲ. ಉಕ್ಕಿನ ತೊಲೆ, ಅದರ ಮೇಲೆ ಮರದ ಹಲಗೆ, ತೆಳುವಾದ ಫೋಮ್, ಮೇಲೊಂದು ಕ್ಯಾನ್ವಾಸ್ ಬಟ್ಟೆ. ಅಷ್ಟೇ.

ಲೆಕ್ಕ ಸ್ವಲ್ಪ ತಪ್ಪಿದರೂ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. 1997ರಲ್ಲಿ ತಲೆಕೆಳಗಾಗಿ ಕೆಡವುವ ಒಂದು ಪಟ್ಟು ಎಡವಟ್ಟಾಗಿ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಅವರ ಕತ್ತಿಗೆ ತೀವ್ರ ಪೆಟ್ಟಾಯಿತು. ಕೆಲಹೊತ್ತು ಅವರಿಗೆ ಕೈಕಾಲು ಆಡಲಿಲ್ಲ. 1998ರಲ್ಲಿ ಮಿಕ್ ಫೋಲಿ ಸುಮಾರು 16 ಅಡಿ ಎತ್ತರದ ಪಂಜರದ ಮೇಲಿಂದ ಬಿದ್ದದ್ದು ಕ್ಯಾಮೆರಾ ತಂತ್ರವಲ್ಲ. 1999ರ ಮೇ 23ರಂದು ಓವೆನ್ ಹಾರ್ಟ್ ಅವರನ್ನು ಛಾವಣಿಯಿಂದ ಕೇಬಲ್ ಕಟ್ಟಿ ಇಳಿಸುವಾಗ ಕೊಂಡಿ ಕಳಚಿತು. 34 ವರ್ಷದ ಅವರು ಅಖಾಡಕ್ಕೇ ಬಿದ್ದು ಮೃತಪಟ್ಟರು. ಆ ರಾತ್ರಿಯ ಪ್ರದರ್ಶನ ಮಾತ್ರ ನಿಲ್ಲಲಿಲ್ಲ.

ಕಣ್ಣಿಗೆ ಕಾಣದ ಪೆಟ್ಟುಗಳೂ ಇವೆ. 2007ರಲ್ಲಿ ಕ್ರಿಸ್ ಬೆನ್ವಾ ಹೆಂಡತಿ ಮತ್ತು ಮಗನನ್ನು ಕೊಂದು ತಾನೂ ಆತ್ಮಹತ್ಯೆ ಮಾಡಿಕೊಂಡ. ಆತನ ಮೆದುಳನ್ನು ಪರೀಕ್ಷಿಸಿದ ವೈದ್ಯರಿಗೆ ತೀವ್ರ ಹಾನಿ ಕಂಡುಬಂತು. ಕೊಲೆಗೆ ಅದೊಂದೇ ಕಾರಣ ಎನ್ನಲಾಗದು. ಆದರೆ ತಲೆಗೆ ಪದೇ ಪದೇ ಬೀಳುವ ಪೆಟ್ಟಿನ ಪ್ರಶ್ನೆಯನ್ನು ಅಲ್ಲಿಂದ ಮುಂದೆ ಯಾರೂ ತಳ್ಳಿಹಾಕುವಂತಿರಲಿಲ್ಲ. 2010ರಲ್ಲಿ ಕಂಪನಿ ಕುರ್ಚಿಯಿಂದ ತಲೆಗೆ ಹೊಡೆಯುವುದನ್ನು ನಿಷೇಧಿಸಿತು. ಇಷ್ಟಾದರೂ ಈ ಕುಸ್ತಿಪಟುಗಳನ್ನು ಕಂಪನಿ ಕಾಯಂ ನೌಕರರೆಂದು ಪರಿಗಣಿಸುವುದಿಲ್ಲ, ಸ್ವತಂತ್ರ ಗುತ್ತಿಗೆದಾರರು ಎನ್ನುತ್ತದೆ.

ಫಾರ್ವರ್ಡ್‌ಗಳ ಕತೆ ಏನು?

• ಅಂಡರ್‌ಟೇಕರ್ ಒಮ್ಮೆಯೂ ಸತ್ತಿಲ್ಲ! ಅವರ ನಿಜ ಹೆಸರು ಮಾರ್ಕ್ ಕ್ಯಾಲವೇ. 2020ರಲ್ಲಿ ನಿವೃತ್ತರಾದರು. ಶವಪೆಟ್ಟಿಗೆ, ಸಮಾಧಿ ಎಲ್ಲವೂ ಕತೆಯ ಭಾಗ.

• ಕೇನ್ ಅವರ ತಮ್ಮನಲ್ಲ. ನಿಜ ಹೆಸರು ಗ್ಲೆನ್ ಜೇಕಬ್ಸ್. 2018ರಲ್ಲಿ ಅಮೆರಿಕದ ನಾಕ್ಸ್ ಕೌಂಟಿಯ ಮೇಯರ್ ಆಗಿ ಆಯ್ಕೆಯಾದರು.

• ರಕ್ತವೆಲ್ಲ ಬಣ್ಣವಲ್ಲ. ಹಿಂದೆ ಬಚ್ಚಿಟ್ಟ ಬ್ಲೇಡ್ ಚೂರಿನಿಂದ ಹಣೆಯನ್ನು ತಾವೇ ಕೊಯ್ದುಕೊಳ್ಳುವ ರೂಢಿ ಇತ್ತು.

• 1987ರ ರೆಸಲ್‌ಮೇನಿಯಾಕ್ಕೆ 93,173 ಜನ ಬಂದಿದ್ದರು ಎಂಬುದು ಕಂಪನಿ ಹೇಳಿದ ಲೆಕ್ಕ. ಅದರ ಬಗ್ಗೆ ಇಂದಿಗೂ ತಕರಾರಿದೆ.

ಮಕ್ಕಳಿಗೆ ಏನು ಹೇಳಬೇಕು?

"ಅದು ಸುಳ್ಳು, ನೋಡಬೇಡ" ಎಂದರೆ ಮಕ್ಕಳು ಕೇಳುವುದಿಲ್ಲ. ಸುಳ್ಳಾದ ಮೇಲೆ ತಾವೂ ಮಾಡಬಹುದು ಎಂದುಕೊಳ್ಳುತ್ತಾರೆ. ಬದಲಿಗೆ ನಿಜವನ್ನೇ ಹೇಳಿ: ಅಲ್ಲಿ ಇಬ್ಬರೂ ಸೇರಿ ಒಬ್ಬರನ್ನೊಬ್ಬರು ಕಾಪಾಡಿಕೊಳ್ಳುತ್ತಾ ಆಡುತ್ತಾರೆ, ವರ್ಷಗಳ ತರಬೇತಿ ಇದ್ದವರಿಗೂ ಕತ್ತು ಮುರಿಯುತ್ತದೆ. ಆಟವಾಡುವಾಗ ಮಗು ತಲೆ ಅಥವಾ ಕತ್ತಿನ ಮೇಲೆ ಬಿದ್ದು, ವಾಂತಿ, ಮಂಪರು ಬಂದರೆ ಅಥವಾ ಕೈಕಾಲು ಜೋಮು ಹಿಡಿದರೆ ಎಳೆದು ಎಬ್ಬಿಸಬೇಡಿ. ಕತ್ತು ಅಲುಗಾಡದಂತೆ ನೋಡಿಕೊಂಡು ಕೂಡಲೇ 108ಕ್ಕೆ ಕರೆ ಮಾಡಿ. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನು ಮಾಡಿ.