‘ಸರ್ವರ್ ಇಲ್ಲ, ನಾಳೆ ಬನ್ನಿ’: ಒಳಗೆ ಬಂದವರ ಲೆಕ್ಕ ಇಟ್ಟವರ್ಯಾರು?

ಬೈಂದೂರು: 2025ರ ಫೆಬ್ರವರಿ ಮೊದಲ ವಾರ ಜಾಗದ ನೋಂದಣಿಗೆ ಹೊರಟಿದ್ದವರಿಗೆ ಆ ದಿನಗಳು ಮರೆತಿರಲಿಕ್ಕಿಲ್ಲ. ಫೆ. 1ರಂದು ಇಡೀ ರಾಜ್ಯದಲ್ಲಿ ಆದ ನೋಂದಣಿ ಬರೇ 556. ಫೆ. 4ಕ್ಕೆ ಸೊನ್ನೆ. ಯಡ್ತರೆಯಲ್ಲಿ ಐದು ಸೆಂಟ್ಸ್ ಮಾರಿ ಮನೆಯ ಖರ್ಚಿಗೆ ಹೊಂದಿಸುವವರಿಗೂ, ಬ್ಯಾಂಕ್ ಸಾಲಕ್ಕೆ ಇ.ಸಿ. ಬೇಕಾದವರಿಗೂ ಸಿಕ್ಕಿದ್ದು ಒಂದೇ ಉತ್ತರ: ಸರ್ವರ್ ಇಲ್ಲ.

ತಾಂತ್ರಿಕ ದೋಷ ಎಂದೇ ಜನ ಬೈದುಕೊಂಡರು. ಆಮೇಲೆ ಗೊತ್ತಾದದ್ದು ಬೇರೆ. ಕಾವೇರಿ 2.0 ಮೇಲೆ ಬೇಕೆಂದೇ ದಾಳಿ ನಡೆದಿತ್ತು. ಜನವರಿಯಲ್ಲಿ 62 ಇಮೇಲ್ ಖಾತೆ, 14 ಐಪಿ ವಿಳಾಸ ಬಳಸಿ ಎರಡೇ ತಾಸಿನಲ್ಲಿ 6.2 ಲಕ್ಷ ಸುಳ್ಳು ಕೋರಿಕೆ ಸುರಿದಿದ್ದರು ಎಂದು ಸರ್ಕಾರ ಹೇಳಿತು. ಪೊಲೀಸ್ ದೂರೂ ಆಯ್ತು. ಇಷ್ಟು ಕರಾರುವಾಕ್ಕಾಗಿ ಹೇಳಲು ಆದದ್ದು ಲಾಗ್ ಇದ್ದುದರಿಂದ. ಯಾವ ಕೋರಿಕೆ, ಎಷ್ಟು ಹೊತ್ತಿಗೆ, ಎಲ್ಲಿಂದ ಬಂತು ಎಂಬ ದಾಖಲೆ ಅದು.

ಆದರೆ ಇದು ಎದುರಿನ ಬಾಗಿಲಿನ ಲೆಕ್ಕ ಮಾತ್ರ. ಈಗ ಒಂದು ಸರ್ವರ್‌ಗೆ ಒಂದು ಪೆಟ್ಟಿಗೆ ಎಂಬ ಕಾಲ ಹೋಯಿತು. ಒಂದೇ ಯಂತ್ರದೊಳಗೆ ಹತ್ತಾರು ವರ್ಚುವಲ್ ಸರ್ವರ್ ಓಡುತ್ತವೆ, ಒಂದು ಕಟ್ಟಡದಲ್ಲಿ ಸಾಲಾಗಿ ಬಾಡಿಗೆ ಅಂಗಡಿ ಇದ್ದ ಹಾಗೆ. ಅಂಗಡಿಗೊಂದು ಸಿಸಿಟಿವಿ ಇದ್ದರೂ, ಎಲ್ಲ ಬಾಗಿಲಿನ ಕೀಲಿಗೊಂಚಲು ಹಿಡಿದು ಕಟ್ಟಡದ ಹಿಂದಿನಿಂದ ಬಂದವನನ್ನು ಕಾಣುವವರಿಲ್ಲ. ಅಡಿಯ ಯಂತ್ರಕ್ಕೆ ನುಗ್ಗಿದವನು ಮೇಲಿನ ಒಂದು ಸರ್ವರನ್ನು ಇಡಿಯಾಗಿ ನಕಲು ಮಾಡಿಕೊಂಡು ಹೋದರೂ ಆ ಸರ್ವರ್‌ನ ಲಾಗ್‌ನಲ್ಲಿ ಒಂದು ಸಾಲೂ ಕಾಣುವುದಿಲ್ಲ. 2023ರ ಫೆಬ್ರವರಿಯಲ್ಲಿ ‘ಇಎಸ್‌ಎಕ್ಸ್‌ಐ ಆರ್ಗ್ಸ್’ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಸಾವಿರಾರು ಯಂತ್ರಗಳಿಗೆ ಬೀಗ ಹಾಕಿದ್ದು ಹೀಗೆ ಅಡಿಯಿಂದಲೇ. ಅದಕ್ಕೆ ತೇಪೆ ಬಂದು ಎರಡು ವರ್ಷ ಆಗಿತ್ತು. ಹಾಕಿಕೊಳ್ಳದೆ ಕೂತವರಿಗೆ ಬಿತ್ತು ಪೆಟ್ಟು.

ಹಾಗಾದರೆ ಅಡಿಯ ಯಂತ್ರ ಲಾಗ್ ಬರೆಯುವುದಿಲ್ವಾ? ಬರೆಯುತ್ತದೆ, ಆದರೆ ಹಾಗೇ ಬಿಟ್ಟರೆ ಸಾಲದು. ವಿಎಂವೇರ್‌ನ ಇಎಸ್‌ಎಕ್ಸ್‌ಐ 7 ಮತ್ತು 8ರಲ್ಲಿ ಆಡಿಟ್ ದಾಖಲೆ ಉಳಿಸುವ ವ್ಯವಸ್ಥೆ ತಾನಾಗಿ ಚಾಲೂ ಇರುವುದಿಲ್ಲ, ಕೂತು ಆನ್ ಮಾಡಬೇಕು. ಪೆನ್‌ಡ್ರೈವ್‌ನಿಂದ ಓಡುವ ಯಂತ್ರವಾದರೆ ಲಾಗ್ ಮೆಮೊರಿಯಲ್ಲೇ ಇದ್ದು, ಕರೆಂಟ್ ಹೋಗಿ ಬಂದರೆ ಮಾಯ. ಮಳೆಗಾಲದ ಕರಾವಳಿಯಲ್ಲಿ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಲಾಗ್ ಬೇರೊಂದು ಪೆಟ್ಟಿಗೆಗೆ ಆಗಿಂದಾಗ್ಗೆ ಹೋಗುತ್ತಿರಬೇಕು, ಸರ್ವರ್ ನೋಡಿಕೊಳ್ಳುವವನಿಗೆ ಅಲ್ಲಿ ಅಳಿಸುವ ಅಧಿಕಾರ ಇರಬಾರದು. ಲೆಕ್ಕ ಬರೆಯುವವನೇ ಆಡಿಟ್ ಮಾಡಿದ ಹಾಗೆ ಆಗಬಾರದಲ್ಲ!

ಕಾನೂನೂ ಉಂಟು. 2022ರ ಏಪ್ರಿಲ್ 28ರ ಸರ್ಟ್-ಇನ್ ಆದೇಶದ ಪ್ರಕಾರ 180 ದಿನದ ಲಾಗ್ ಇಟ್ಟಿರಬೇಕು, ಯಂತ್ರಗಳ ಗಡಿಯಾರ ಸರಿಹೊಂದಿರಬೇಕು, ದಾಳಿ ಗೊತ್ತಾದ 6 ತಾಸಿನಲ್ಲಿ ವರದಿ ಮಾಡಬೇಕು. ಸಣ್ಣ ಉದ್ದಿಮೆಗಳಿಗೆ ಆ ವರ್ಷದ ಸೆ. 25ರ ತನಕ ಸಮಯ ಕೊಟ್ಟಿದ್ದರು. ಅದು ಮುಗಿದು ಕಾಲವಾಯ್ತು.

ಇದು ಬೆಂಗಳೂರಿನವರ ತಲೆನೋವು ಎನ್ನುವಂತಿಲ್ಲ. 2024ರ ಜುಲೈ ಕೊನೆಗೆ ಸಿ-ಎಡ್ಜ್ ಎಂಬ ತಾಂತ್ರಿಕ ಕಂಪನಿ ಸುಲಿಗೆ ದಾಳಿಗೆ ಸಿಕ್ಕಿದಾಗ, ಅದನ್ನೇ ನಂಬಿದ್ದ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ನಿಂತುಹೋಯಿತು. ಅವುಗಳಲ್ಲಿ ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ತಾಲೂಕಿನ ಸಹಕಾರಿ ಸಂಘ, ಆಸ್ಪತ್ರೆ, ಹೋಲ್‌ಸೇಲ್ ಅಂಗಡಿಗಳಲ್ಲೂ ಬಿಲ್ಲಿಂಗ್, ಟ್ಯಾಲಿ ಎಲ್ಲ ಒಂದೇ ಪೆಟ್ಟಿಗೆಗೆ ಹಾಕಿಕೊಂಡರೆ ಪಾಡು ಅದೇ. ಅದಕ್ಕಿಂತ ದೊಡ್ಡ ಹುಳುಕು ಪಾಸ್‌ವರ್ಡ್. ಸರ್ವಿಸ್‌ನ ನಾಲ್ಕು ಹುಡುಗರೂ ಒಂದೇ ‘ರೂಟ್’ ಹೆಸರಲ್ಲಿ ಒಳಗೆ ಹೋದರೆ, ಲಾಗ್ ಎಷ್ಟೇ ಚೆಂದ ಇದ್ದರೂ ಅದರಲ್ಲಿ ಕಾಣುವುದು ‘ರೂಟ್ ಬಂದ, ರೂಟ್ ಅಳಿಸಿದ’ ಎಂದಷ್ಟೇ. ಯಾರು ಅಂತ ಗೊತ್ತಾಗುವುದಿಲ್ಲ.

ಖರ್ಚಿನ ನೆಪ ಇಲ್ಲಿ ನಡೆಯದು. ಲಾಗ್ ಹಿಡಿದಿಡುವ ಆರ್‌ಸಿಸ್‌ಲಾಗ್ ತಂತ್ರಾಂಶ ಪುಕ್ಕಟೆ, ಸಣ್ಣ ಸಂಸ್ಥೆಗೆ ಮೂಲೆಯಲ್ಲಿ ಬಿದ್ದ ಹಳೇ ಕಂಪ್ಯೂಟರ್ ಸಾಕು. ಆಳಿಗೊಂದು ಹೆಸರು, ಆಳಿಗೊಂದು ಪಾಸ್‌ವರ್ಡ್ ಕೊಡಲು ಅರ್ಧ ದಿನದ ಕೆಲಸ. ಮುಂದಿನ ಸಲ ಸರ್ವಿಸ್‌ನವರು ವಾರ್ಷಿಕ ಕರಾರಿನ ಬಿಲ್ ಹಿಡಿದು ಬಂದಾಗ, ಕಳೆದ ತಿಂಗಳು ಈ ಯಂತ್ರಕ್ಕೆ ಯಾರ್ಯಾರು ಲಾಗಿನ್ ಆಗಿದ್ದರು ತೋರಿಸಿ ಎಂದು ಕೇಳಿ ನೋಡಬಹುದು.