ಬಿಗಿಯಾದದ್ದು ಕಾನೂನೋ, ಹೊಸ ಹುಡುಗನ ಕೊರಳೋ?



ಕಾಲೇಜುಗಳ ರ‍್ಯಾಗಿಂಗ್ ತಡೆಯುವ ನಿಯಮಗಳು ಅತಿಯಾದುವು, ಹುಡುಗರ ತಮಾಷೆಗೂ ಪೊಲೀಸರನ್ನು ಕರೆಯುವ ಕಾಲ ಬಂದಿತು ಎಂದು ಕೆಲವು ಮಹಾಶಯರು ಮರುಗುತ್ತಿದ್ದಾರೆ. "ನಾವೂ ಅನುಭವಿಸಿದೆವು, ಗಟ್ಟಿಯಾದೆವು" ಎಂಬುದು ಅವರ ವಾದ.

ಈ ಮಾತು ನಮಗೆ ಹೊಸತಲ್ಲ. ಊರಿನಿಂದ ದಿಲ್ಲಿಗೆ ಬಂದಿಳಿದ ಹೊಸ ಮಾಣಿಯ ತಲೆಯ ಮೇಲೆ ಬಿಸಿ ಸಾಂಬಾರಿನ ಪಾತ್ರೆ ಹೊರಿಸಿ ನಗುವವರು, ನಡುರಾತ್ರಿಯಲ್ಲಿ ಅವನೊಬ್ಬನಿಂದಲೇ ಗ್ರೈಂಡರು ತೊಳೆಸುವವರು ಹೇಳುವುದೂ ಇದನ್ನೇ. ಹಾಗೆ ಮಾಡಿದವರು ಮಾಲೀಕರಲ್ಲ, ನಮ್ಮವರೇ. ನಾಚಿಕೆಯಾದರೂ ಒಪ್ಪಬೇಕು. ಗಟ್ಟಿಯಾಗಿ ನಿಂತವನು ಕತೆ ಹೇಳಲು ಉಳಿದಿದ್ದಾನೆ. ಅಳುತ್ತ ರೈಲು ಹತ್ತಿದವನ ಕತೆಯನ್ನು ಕೇಳಿದವರು ಯಾರು?

ನಿಯಮಗಳೇನು ಆಕಾಶದಿಂದ ಉದುರಿದುವೇ? 2001ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಎಚ್ಚರಿಸಿತು. 2007ರಲ್ಲಿ ರಾಘವನ್ ಸಮಿತಿ ವರದಿ ಕೊಟ್ಟಿತು. ಕಾಲೇಜುಗಳು ಕಣ್ಣುಮುಚ್ಚಿ ಕುಳಿತುವು. 2009ರ ಮಾರ್ಚಿಯಲ್ಲಿ, ಹಿಮಾಚಲದ ಟಾಂಡಾ ವೈದ್ಯಕೀಯ ಕಾಲೇಜಿಗೆ ಓದಲು ಹೋಗಿದ್ದ ನಮ್ಮ ಪಕ್ಕದ ಗುರುಗ್ರಾಮದ 19 ವರ್ಷದ ಹುಡುಗ, ಕುಡಿದ ಹಿರಿಯರ ಏಟಿಗೆ ಸತ್ತ. ಯು.ಜಿ.ಸಿ. ನಿಯಮಗಳು ಬಂದದ್ದು ಆ ಹೆಣದ ಮೇಲೆ, ಅದೇ ಜೂನಿನಲ್ಲಿ. ಹೊಡೆದ ನಾಲ್ವರಿಗೆ 2010ರಲ್ಲಿ ವಿಧಿಸಿದ್ದು ನಾಲ್ಕು ವರ್ಷ. ಇದು ಅತಿಯೇ? 2023ರ ಆಗಸ್ಟಿನಲ್ಲಿ ಕಲ್ಕತ್ತೆಯ ಜಾದವಪುರದ ವಿದ್ಯಾರ್ಥಿನಿಲಯದಲ್ಲಿ ಮತ್ತೊಬ್ಬ ಹೊಸ ಹುಡುಗ ಮಹಡಿಯಿಂದ ಬಿದ್ದು ಸತ್ತ. ನಿಯಮ ಕಾಗದದ ಮೇಲೆ ಎಷ್ಟು ಬಿಗಿಯಾಗಿದ್ದರೇನು!

2016ರ ತಿದ್ದುಪಡಿಯನ್ನು ನಾವಂತೂ ಬಿಟ್ಟುಕೊಡಲಾಗದು. ಜಾತಿ, ಪ್ರಾಂತ, ಭಾಷೆ, ಬಡತನಗಳನ್ನು ಹಿಡಿದು ಹೀಯಾಳಿಸುವುದೂ, ಗುಂಪಿನಿಂದ ಹೊರಗಿಡುವುದೂ ರ‍್ಯಾಗಿಂಗೇ ಎಂದು ಅದು ಹೇಳಿದೆ. ಸಪ್ಲೈಯರನ ಮಗ ದಿಲ್ಲಿಯ ಕಾಲೇಜಿನಲ್ಲಿ "ಮದ್ರಾಸಿ" ಎನಿಸಿಕೊಂಡು, ಹಿರಿಯರ ಎಂಜಲು ತಟ್ಟೆ ತೊಳೆದರೆ ಅದು ತಮಾಷೆಯಂತೆ! ಅಪ್ಪ ಜೀವಮಾನವೆಲ್ಲ ತಟ್ಟೆ ತೊಳೆದದ್ದು ಇದಕ್ಕೇನು?

ಹಾಗೆಂದು ಎಲ್ಲಕ್ಕೂ ತಲೆದೂಗುವವನು ನಾನಲ್ಲ. ತಪ್ಪಿತಸ್ಥ ಯಾರೆಂದು ತಿಳಿಯದಿದ್ದರೆ ಎಲ್ಲರಿಗೂ ಸಾಮೂಹಿಕ ಶಿಕ್ಷೆ ಎಂಬ ವಿಧಿಯೊಂದಿದೆ. ಒಂದು ಲೋಟ ಒಡೆದರೆ ಎಲ್ಲ ಸಪ್ಲೈಯರುಗಳ ಸಂಬಳ ಮುರಿಯುವ ನ್ಯಾಯ ಇದು. ಬಟ್ಟೆಯ ತಾನಿನಲ್ಲಿ ದೋಷ ಕಂಡರೆ ಇಡೀ ಪಾಳಿಗೆ ಜುಲ್ಮಾನೆ ಹಾಕುವಂಥದು. ಇಪ್ಪತ್ತೈದು ಸಾವಿರದಿಂದ ಲಕ್ಷದವರೆಗಿನ ದಂಡ ಸಾಹುಕಾರನ ಮಗನಿಗೆ ಲೆಕ್ಕಕ್ಕಿಲ್ಲ, ನಮ್ಮ ಹುಡುಗನಿಗೆ ಓದೇ ಮುಗಿಯಿತು. ಈ ಒಂದು ವಿಧಿ ಹೋಗಲಿ. ತಪ್ಪಿತಸ್ಥನನ್ನು ಹುಡುಕುವುದು ವಾರ್ಡನ್ನನ ಕೆಲಸ, ಸಂಬಳ ತೆಗೆದುಕೊಳ್ಳುವುದು ಅದಕ್ಕೇ. ಮಿಕ್ಕದ್ದು ಒಂದಕ್ಷರವೂ ಸಡಿಲವಾಗಕೂಡದು.

ಇನ್ನೊಂದು ಮಾತು. ಮಗನನ್ನು ಸೇರಿಸುವಾಗ ತಂದೆಯೂ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ನಮ್ಮಲ್ಲಿ ಅನೇಕರು ಓದದೆಯೇ ಹಾಕಿ ಬರುತ್ತೇವೆ. ಅರ್ಜಿದಾರರಿಗೆ ತಿಳಿದ ಪ್ರಾದೇಶಿಕ ಭಾಷೆಯಲ್ಲೂ ಅದು ಇರಬಹುದೆಂದು ನಿಯಮವೇ ಹೇಳುತ್ತದೆ. ಕನ್ನಡದಲ್ಲಿ ಕೊಡಿರೆಂದು ಕೇಳಿರಿ. ಕೊಡದಿದ್ದರೆ ನಾಲ್ಕು ಅಕ್ಷರ ಬಲ್ಲವರಿಂದ ಓದಿಸಿ, ಆಮೇಲೆ ಸಹಿ ಮಾಡಿರಿ. ದೂರು ಹೇಳಲು ಕಾಸು ಖರ್ಚಿಲ್ಲದ ದೂರವಾಣಿಯುಂಟು: 1800-180-5522. ಮಗನ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಡಿರಿ.